ಪೆನ್ನು ಕಡೆಯಲು ಎಷ್ಟು ದಪ್ಪದ ಮರ ಬೇಕು?

ಪ್ರಶ್ನೆ: ಮನೆಯಲ್ಲಿ ಒಂದು ಚಿಕ್ಕ ಮರದ ಲೇತ್ ಇಟ್ಟುಕೊಂಡಿದ್ದೇನೆ. ಲಟ್ಟಣಿಗೆ, ಬುಗುರಿ ಕಡೆದು ಕೈ ಪಳಗಿದೆ. ಈಗ ಪೆನ್ನು ಮಾಡುವ ಆಸೆಯಾಗಿ ‘ಸ್ಲಿಮ್‌ಲೈನ್’ ಎಂಬ ಕಿಟ್ ತರಿಸಿದೆ. ಅದರ ಚೀಟಿಯಲ್ಲಿ 7 ಮಿ.ಮೀ. ಎಂದು ಬರೆದಿದೆ. ಅಂಗಡಿಯವರು ಪೆನ್ನಿಗೆಂದು ಮಾರುವ ಬ್ಲ್ಯಾಂಕುಗಳು ಮಾತ್ರ 19–20 ಮಿ.ಮೀ. ದಪ್ಪ ಇವೆ. ನಮ್ಮೂರ ಮಿಲ್ಲಿನವರು “12 ಮಿ.ಮೀ. ಸಾಕು, ಸುಮ್ಮನೆ ಮರ ಯಾಕೆ ಹಾಳು ಮಾಡ್ತೀರಿ” ಅನ್ನುತ್ತಾರೆ. ಅಜ್ಜನ ಕಾಲದ ಬೀಟೆ ಮಂಚದ ಚೌಕ ಕಾಲುಗಳಿವೆ, ಅವನ್ನೇ ಕೊಯ್ಸಬೇಕೆಂದಿದ್ದೇನೆ. ಮತ್ತೆ ಸಿಗುವ ಮರವಲ್ಲ. ಎಷ್ಟು ದಪ್ಪ, ಎಷ್ಟು ಉದ್ದಕ್ಕೆ ಕೊಯ್ಸಲಿ? ಮುಂದೆ ದೊಡ್ಡ ಪೆನ್ನು ಮಾಡುವುದಾದರೆ ಅದಕ್ಕೂ ಇದೇ ಅಳತೆ ನಡೆಯುತ್ತದೆಯೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಗರಗಸ ಹಾಕುವ ಮೊದಲೇ ಕೇಳಿದಿರಲ್ಲ, ಅದು ಒಳ್ಳೆಯದಾಯಿತು. ಬಹಳ ಮಂದಿ ಈ ಪ್ರಶ್ನೆ ಕೇಳುವುದು ಕೊಯ್ಸಿದ ಮೇಲೆ. ನಿಮ್ಮ ಗೊಂದಲವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಕಿಟ್ 7 ಅನ್ನುತ್ತದೆ, ಮಿಲ್ಲಿನವರು 12 ಅನ್ನುತ್ತಾರೆ, ಅಂಗಡಿಯವರು 19 ಅನ್ನುತ್ತಾರೆ. ಮೂವರಲ್ಲಿ ಯಾರ ಮಾತು ಸರಿ? ಮೂವರದ್ದೂ ಸರಿಯೇ, ಆದರೆ ಒಬ್ಬೊಬ್ಬರು ಒಂದೊಂದು ವಸ್ತುವಿನ ಅಳತೆ ಹೇಳುತ್ತಿದ್ದಾರೆ. ಅದನ್ನು ಬಿಡಿಸಿಕೊಂಡರೆ ನಿಮ್ಮ ಮಂಚದ ಕಾಲಿನ ಲೆಕ್ಕ ನೀವೇ ಹಾಕಬಹುದು.

ಮೊದಲು ಆ 7. ಅದು ಪೆನ್ನಿನ ದಪ್ಪವೂ ಅಲ್ಲ, ಮರದ ದಪ್ಪವೂ ಅಲ್ಲ. ನಿಮ್ಮ ಕಿಟ್ಟಿನಲ್ಲಿ ಎರಡು ಹಿತ್ತಾಳೆ ಕೊಳವೆಗಳಿವೆಯಲ್ಲ, ಅವನ್ನು ಕೂರಿಸಲು ಮರದಲ್ಲಿ ಕೊರೆಯಬೇಕಾದ ತೂತಿನ ಅಳತೆ. ಅಂದರೆ 7 ಮಿ.ಮೀ. ಡ್ರಿಲ್ ಬಿಟ್ ಬೇಕು ಎಂದು ಚೀಟಿ ಹೇಳುತ್ತಿದೆ, ಅಷ್ಟೇ. ಮರಕ್ಕೆ ತೂತು ಕೊರೆದು, ಕೊಳವೆಯನ್ನು ಅಂಟಿಸಿ, ಆಮೇಲೆ ಮ್ಯಾಂಡ್ರಲ್ ಎಂಬ ಸಪೂರ ಸರಳಿಗೆ ಪೋಣಿಸಿ ಲೇತಿಗೆ ಏರಿಸುತ್ತೀರಿ. ಕೊಳವೆಯ ಎರಡು ತುದಿಗೂ ಬುಷ್ ಎಂಬ ಉಕ್ಕಿನ ಬಿಲ್ಲೆಗಳು ಕೂರುತ್ತವೆ. ಆ ಬುಷ್ಷಿನ ಹೊರ ಅಳತೆ ಏನಿದೆಯೋ ಅಲ್ಲಿಯವರೆಗೆ ಮರವನ್ನು ಇಳಿಸಬೇಕು. ಆಗ ಮಾತ್ರ ಮರಕ್ಕೂ ಅದರ ಪಕ್ಕ ಬರುವ ಲೋಹದ ಭಾಗಕ್ಕೂ ಬೆರಳಿಗೆ ತಾಕುವ ಮೆಟ್ಟಿಲು ಉಳಿಯುವುದಿಲ್ಲ. ಸ್ಲಿಮ್‌ಲೈನ್ ಕಿಟ್ಟಿನಲ್ಲಿ ಈ ಅಳತೆ ಸುಮಾರು 8.4 ಮಿ.ಮೀ. ಒಳಗಿನ ತೂತು 7 ಅಂದಮೇಲೆ ತುದಿಯಲ್ಲಿ ಉಳಿಯುವ ಮರದ ಗೋಡೆ ಸುಮಾರು 0.7 ಮಿ.ಮೀ. ಮಾತ್ರ, ಎರಡು ಮೂರು ಪೋಸ್ಟ್ ಕಾರ್ಡು ಜೋಡಿಸಿ ಹಿಡಿದಷ್ಟು. ಬೀಟೆಯ ಪೆನ್ನು ಅಂತ ನಾವು ಹೆಮ್ಮೆಯಿಂದ ತೋರಿಸುವುದು ನಿಜಕ್ಕೂ ಬೀಟೆಯ ಹೊದಿಕೆ ಹೊದ್ದ ಹಿತ್ತಾಳೆ ಕೊಳವೆಯನ್ನು.

ನಡುವೆ ಹೊಟ್ಟೆ ಬಿಡುವುದು ನಿಮ್ಮಿಷ್ಟ. ಕೆಲವರು ಆ ತುದಿಯಿಂದ ಈ ತುದಿಗೆ ನೇರವಾಗಿ ಕಡೆಯುತ್ತಾರೆ, ಕೆಲವರು ಬೆರಳಿಗೆ ತುಂಬಿ ಬರಲೆಂದು ನಡುವೆ 10–11 ಮಿ.ಮೀ. ಉಳಿಸುತ್ತಾರೆ. ಹಾಗಾದರೆ ನಿಮ್ಮ ಪೆನ್ನಿನ ಅತಿ ದಪ್ಪ ಜಾಗ 11 ಎಂದಿಟ್ಟುಕೊಳ್ಳೋಣ. 11ರ ಪೆನ್ನಿಗೆ 12ರ ಮರ ಸಾಕಲ್ಲವೇ? ಮಿಲ್ಲಿನವರ ಲೆಕ್ಕ ಇಲ್ಲಿಂದಲೇ ಬಂದದ್ದು. ಬುಗುರಿಗೆ ಈ ಲೆಕ್ಕ ಸರಿ. ಚನ್ನಪಟ್ಟಣದಲ್ಲಿ ಆಲೆಮರದಿಂದ ಗೊಂಬೆ ಕಡೆಯುವವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ: ಮಾಡಬೇಕಾದ ವಸ್ತುವಿಗಿಂತ ಮರ ಒಂದಿಷ್ಟು ದಪ್ಪ ಇದ್ದರಾಯಿತು. ಏಕೆಂದರೆ ಅಲ್ಲಿ ತುಂಡು ಗಟ್ಟಿ. ಲೇತ್ ಅದನ್ನು ಅದರದೇ ನಡುವಿನ ಸುತ್ತ ತಿರುಗಿಸುತ್ತದೆ.

ಪೆನ್ನಿನಲ್ಲಿ ಹಾಗಲ್ಲ. ಇಲ್ಲಿ ಮರವನ್ನು ಹಿಡಿಯುವುದು ತೂತಿನಿಂದ. ತೂತು ಎಲ್ಲಿದೆಯೋ ಲೇತಿನ ಪಾಲಿಗೆ ಅದೇ ನಡು. ನೀವು ತುಂಡಿನ ಸರಿಯಾದ ಮಧ್ಯದಲ್ಲಿ ಬಿಟ್ ಇಟ್ಟು ಕೊರೆಯಲು ಶುರು ಮಾಡಿದರೂ 55–60 ಮಿ.ಮೀ. ಆಳ ಹೋಗುವಷ್ಟರಲ್ಲಿ ಅದು ಒಂದು ಕಡೆಗೆ ಸರಿದಿರುತ್ತದೆ. ಸಪೂರ ಬಿಟ್ ಬಳುಕುತ್ತದೆ. ಮರದ ಎಳೆಯಲ್ಲಿ ಗಟ್ಟಿ ಮತ್ತು ಮೆದು ಪಟ್ಟೆಗಳಿದ್ದರೆ ಮೆದು ಇರುವ ಕಡೆಗೆ ವಾಲುತ್ತದೆ. ಕೊರೆದ ಹೊಟ್ಟು ಸುರುಳಿಯಲ್ಲಿ ತುಂಬಿಕೊಂಡರೆ ಇನ್ನಷ್ಟು ವಾಲುತ್ತದೆ. ತುಂಡಿನ ತಳದಲ್ಲಿ ಬಿಟ್ ಹೊರಬಂದ ಜಾಗ ನೋಡಿ: ಒಂದು ಬದಿಯಲ್ಲಿ ಮರ ದಪ್ಪ, ಎದುರು ಬದಿಯಲ್ಲಿ ತೆಳು.

ಇಲ್ಲಿ ಒಂದು ತಪ್ಪು ಕಲ್ಪನೆ ಸುಲಭವಾಗಿ ಹುಟ್ಟುತ್ತದೆ. ತೂತು ಓರೆಯಾದರೆ ಪೆನ್ನೂ ಓರೆಯಾಗುತ್ತದೆ, ತುಂಡು ಕೆಟ್ಟಿತು ಎಂದುಕೊಂಡು ಅನೇಕರು ಒಳ್ಳೆಯ ಮರವನ್ನು ಒಲೆಗೆ ಹಾಕುತ್ತಾರೆ. ಹಾಗೇನೂ ಆಗುವುದಿಲ್ಲ. ಲೇತ್ ತಿರುಗಿಸುವುದು ತೂತನ್ನು ನಡುವಾಗಿಟ್ಟುಕೊಂಡು. ಆದ್ದರಿಂದ ಕಡೆದಾದ ಮೇಲೆ ಪೆನ್ನು ಎಲ್ಲ ಕಡೆಯೂ ಸಮನಾಗಿ, ದುಂಡಗೆ, ನೇರವಾಗಿಯೇ ಬರುತ್ತದೆ. ಓರೆಯಾದ ತೂತು ಕಸಿದುಕೊಳ್ಳುವುದು ಆಕಾರವನ್ನಲ್ಲ, ದಪ್ಪವನ್ನು. ತೆಳುವಾದ ಬದಿಯಲ್ಲಿ ಬೇಕಾದಷ್ಟು ಮರ ಉಳಿದಿದ್ದರೆ ಪೆನ್ನು ಆಯಿತು. ಉಳಿದಿಲ್ಲವಾದರೆ ಆ ಬದಿಯಲ್ಲಿ ಚಪ್ಪಟೆ ಜಾಗವೊಂದು ಹಾಗೇ ನಿಂತುಬಿಡುತ್ತದೆ, ಇಲ್ಲವೇ ಹಿತ್ತಾಳೆ ಇಣುಕುತ್ತದೆ.

ಹಾಗಾಗಿ ಲೆಕ್ಕ ಇಷ್ಟು. ಪೆನ್ನಿನ ಅತಿ ದಪ್ಪ ಜಾಗದ ಅಳತೆ ತೆಗೆದುಕೊಳ್ಳಿ. ನಿಮ್ಮ ಡ್ರಿಲ್ ಎಷ್ಟು ಸರಿಯುತ್ತದೆಯೋ ಅದರ ಎರಡರಷ್ಟನ್ನು ಅದಕ್ಕೆ ಸೇರಿಸಿ. ಎರಡರಷ್ಟು ಏಕೆಂದರೆ ಯಾವ ಬದಿಗೆ ಸರಿಯುತ್ತದೆ ಎಂದು ಮೊದಲೇ ಹೇಳಲಾಗದು. ಎಡಕ್ಕೂ ಜಾಗ ಬಿಡಬೇಕು, ಬಲಕ್ಕೂ ಬಿಡಬೇಕು. 11ರ ಹೊಟ್ಟೆ, 2 ಮಿ.ಮೀ. ಸರಿಯುವ ಡ್ರಿಲ್ ಆದರೆ 11 + 4 = 15. ಇದಕ್ಕೆ ಒಂದು ಮಿ.ಮೀ. ಕೈತಪ್ಪಿಗೆ ಸೇರಿಸಿ 16 ಅನ್ನಿ. ಸ್ಲಿಮ್‌ಲೈನಿಗೆ ಐದೆಂಟಾಂಶ ಇಂಚು, ಅಂದರೆ 16 ಮಿ.ಮೀ. ಬ್ಲ್ಯಾಂಕು ಸಾಕೆಂದು ಅನುಭವಿಗಳು ಹೇಳುವುದಕ್ಕೆ ಆಧಾರ ಈ ಸರಳ ಕೂಡುವ ಲೆಕ್ಕವೇ. ಅಂಗಡಿಯ 19 ಎಂದರೆ ಮುಕ್ಕಾಲು ಇಂಚು. ಅದು ಈ ಹವ್ಯಾಸ ದೊಡ್ಡದಾಗಿ ಬೆಳೆದ ಅಮೆರಿಕದ ಇಂಚಿನ ಅಳತೆ. ಮುಕ್ಕಾಲು ಇಂಚು ಚೌಕ, ಐದು ಇಂಚು ಉದ್ದ ಎಂಬುದು ಅಲ್ಲಿಂದ ಎಲ್ಲೆಡೆ ರೂಢಿಗೆ ಬಂದಿದೆ. ಮಾರುವವರಿಗೆ ಯಾರು ಯಾವ ಕಿಟ್ಟಿಗೆ ಕೊಳ್ಳುತ್ತಾರೆ, ಅವರ ಡ್ರಿಲ್ ಎಷ್ಟು ನೆಟ್ಟಗಿದೆ ಎಂದು ತಿಳಿಯದಲ್ಲ, ಎಲ್ಲರಿಗೂ ಆಗಲೆಂದು ಆ ಅಳತೆ.

ಅಳೆಯುವಾಗ ಚೌಕದ ಬದಿಯನ್ನೇ ಅಳೆಯಬೇಕು, ಮೂಲೆಯಿಂದ ಮೂಲೆಗಲ್ಲ. 19ರ ಚೌಕದ ಕರ್ಣ ಸುಮಾರು 27 ಬರುತ್ತದೆ, ಆದರೆ ಮೂಲೆಗಳು ಹೊಟ್ಟಾಗಿ ಹಾರಿಹೋಗುವ ಮರ. ದುಂಡಾಗಿ ಸಿಗುವುದು 19 ಮಾತ್ರ.

ಈಗ ನಿಮ್ಮ ಡ್ರಿಲ್ ಎಷ್ಟು ಸರಿಯುತ್ತದೆ ಎಂದು ತಿಳಿಯುವುದು ಹೇಗೆ? ಇದನ್ನು ಊಹಿಸಬೇಡಿ, ಅಳೆದುಬಿಡಿ. ಬೆಲೆಯಿಲ್ಲದ ಗಟ್ಟಿ ಮರದ ನಾಲ್ಕಾರು ತುಂಡುಗಳನ್ನು, ಹುಣಸೆಯೋ ಹಲಸೋ ಆಗಬಹುದು, 20 ಮಿ.ಮೀ. ಚೌಕ, 60 ಮಿ.ಮೀ. ಉದ್ದಕ್ಕೆ ಕತ್ತರಿಸಿಕೊಳ್ಳಿ. ಮೆದು ಮರದಲ್ಲಿ ಪರೀಕ್ಷೆ ಮಾಡಿ ಬೀಟೆಗೆ ಅನ್ವಯಿಸಿದರೆ ಮೋಸಹೋಗುತ್ತೀರಿ. ತುದಿಯಲ್ಲಿ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಕೂಡುವಲ್ಲಿ ನಡು ಸಿಗುತ್ತದೆ. ಅಲ್ಲಿ ಮೊಳೆಯಿಂದ ಚುಕ್ಕೆ ಕುಟ್ಟಿ, ನೀವು ನಿಜವಾಗಿ ಪೆನ್ನಿಗೆ ಹೇಗೆ ಕೊರೆಯುತ್ತೀರೋ ಹಾಗೆಯೇ ಆಚೆ ಬದಿಗೆ ಕೊರೆಯಿರಿ. ಪ್ರತಿ 10 ಮಿ.ಮೀ.ಗೊಮ್ಮೆ ಬಿಟ್ ಹೊರಗೆಳೆದು ಹೊಟ್ಟು ಕೊಡವಿಕೊಳ್ಳಿ. ಈಗ ಬಿಟ್ ಹೊರಬಂದ ತುದಿಯಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ತೂತಿನ ಅಂಚಿನಿಂದ ನಾಲ್ಕೂ ಬದಿಗೆ ಮರ ಎಷ್ಟಿದೆ ನೋಡಿ. ಎದುರುಬದುರಿನ ಎರಡು ಅಳತೆಗಳ ವ್ಯತ್ಯಾಸದ ಅರ್ಧವೇ ಸರಿದ ಪ್ರಮಾಣ. ಒಂದು ಕಡೆ 8.3, ಎದುರು 4.7 ಬಂದರೆ ವ್ಯತ್ಯಾಸ 3.6, ಅಂದರೆ ಬಿಟ್ 1.8 ಮಿ.ಮೀ. ಸರಿದಿದೆ. ನಾಲ್ಕಾರು ತುಂಡುಗಳಲ್ಲಿ ಅತಿ ಕೆಟ್ಟದ್ದು ಯಾವುದೋ ಅದನ್ನೇ ನಿಮ್ಮ ಲೆಕ್ಕಕ್ಕೆ ಹಿಡಿಯಿರಿ. ಸರಾಸರಿ ತೆಗೆಯಬೇಡಿ, ಕೆಡುವ ತುಂಡು ಸರಾಸರಿ ನೋಡಿ ಕೆಡುವುದಿಲ್ಲ.

ಕೈಯಲ್ಲಿ ಹಿಡಿದು ಕೊರೆಯುವ ಡ್ರಿಲ್ ಮೆಷಿನ್ನಿನಿಂದ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ. ನಿಂತ ಡ್ರಿಲ್ ಪ್ರೆಸ್ಸಿನಲ್ಲಿ ತುಂಡನ್ನು ವೈಸಿಗೆ ಕಚ್ಚಿಸಿ ಕೊರೆದರೆ ಪರವಾಗಿಲ್ಲ. ಎಲ್ಲಕ್ಕಿಂತ ನೆಟ್ಟಗೆ ಬರುವುದು ಲೇತಿನಲ್ಲೇ ಕೊರೆದಾಗ: ತುಂಡನ್ನು ಚಕ್ಕಿಗೆ ಹಿಡಿಸಿ ಮರವನ್ನು ತಿರುಗಲು ಬಿಟ್ಟು, ಬಿಟ್ಟನ್ನು ಟೇಲ್‌ಸ್ಟಾಕಿಗೆ ಸಿಕ್ಕಿಸಿ ಮೆಲ್ಲಗೆ ಒಳಗೆ ತಳ್ಳುವ ಕ್ರಮ. ನಿಮ್ಮ ಬಳಿ ಲೇತ್ ಹೇಗೂ ಇದೆ. ಚೌಕ ತುಂಡು ಕಚ್ಚುವ ಚಕ್ಕಿಗೆ ಒಮ್ಮೆ ದುಡ್ಡು ಹಾಕಿದರೆ ಪ್ರತಿ ಪೆನ್ನಿಗೂ ಎರಡು ಮೂರು ಮಿ.ಮೀ. ಬೀಟೆ ಉಳಿಯುತ್ತದೆ.

ಮುಂದೆ ದೊಡ್ಡ ಪೆನ್ನಿಗೂ ಇದೇ ಅಳತೆಯೇ ಎಂದು ಕೇಳಿದ್ದೀರಿ. ಇಲ್ಲ. ಲೆಕ್ಕ ಅದೇ, ಬರುವ ಉತ್ತರ ಬೇರೆ. ‘ಸಿಯೆರಾ’ ಎಂಬ ಕಿಟ್ಟಿನಲ್ಲಿ ಕೊಳವೆ ಒಂದೇ, ತಿರುಚಿದರೆ ರೀಫಿಲ್ ಹೊರಬರುವ ಜಾತಿ. ಅದಕ್ಕೆ 27/64 ಇಂಚಿನ ಬಿಟ್, ಅಂದರೆ ಸುಮಾರು 10.7 ಮಿ.ಮೀ. ಬೇಕು, ಕಡೆದ ಪೆನ್ನು 12–13 ಮಿ.ಮೀ. ಆಸುಪಾಸು. 2 ಮಿ.ಮೀ. ಸರಿಯುವ ಡ್ರಿಲ್ಲಿಗೆ 17 ಆಯಿತು, 18ಕ್ಕೆ ಕೊಯ್ದರೆ ನಿಶ್ಚಿಂತೆ. ‘ಸಿಗಾರ್’ ಎಂಬ ದಪ್ಪ ಪೆನ್ನು ಇದೆ, 10 ಮಿ.ಮೀ. ಬಿಟ್ಟಿನದು. ತೂತು ಸಿಯೆರಾಕ್ಕಿಂತ ಚಿಕ್ಕದು, ಆದರೆ ನಡುಪಟ್ಟಿಯ ಹತ್ತಿರ ಮರ ಸುಮಾರು 15 ಮಿ.ಮೀ. ಇರಬೇಕು. ಸ್ವಲ್ಪ ಹೊಟ್ಟೆ ಬಿಟ್ಟರೆ 16. ಅದಕ್ಕೆ 4 ಸೇರಿಸಿದರೆ 20. ಮುಕ್ಕಾಲು ಇಂಚಿನ ಬ್ಲ್ಯಾಂಕೂ ಇಲ್ಲಿ ಬಿಗಿಯಾಗುತ್ತದೆ. ನೋಡಿ, ತೂತು ಚಿಕ್ಕದಾದರೂ ಮರ ದಪ್ಪ ಬೇಕು. ಬಿಟ್ಟಿನ ಅಳತೆ ನೋಡಿ ಬ್ಲ್ಯಾಂಕು ಕೊಳ್ಳಬಾರದು ಅನ್ನುವುದಕ್ಕೆ ಇದೇ ಸಾಕ್ಷಿ. ಒಂದೇ ಹೆಸರಿನ ಕಿಟ್ಟುಗಳು ಬೇರೆ ಬೇರೆ ತಯಾರಕರಲ್ಲಿ ತುಸು ಬೇರೆಯಾಗಿರುತ್ತವೆ. ಆದ್ದರಿಂದ ನಾನು ಹೇಳಿದ ಅಂಕಿಗಳನ್ನೂ ನಂಬಿ ಕೂರಬೇಡಿ. ಕಿಟ್ ಕೈಗೆ ಬಂದ ಮೇಲೆ ಅದರ ಬುಷ್ಷಿಗೇ ಕ್ಯಾಲಿಪರ್ ಹಿಡಿಯಿರಿ, ಅತಿ ದೊಡ್ಡ ಬುಷ್ ಯಾವುದೋ ಅದರಿಂದ ಲೆಕ್ಕ ಶುರುಮಾಡಿ.

ಹಾಗಾದರೆ ಎಲ್ಲವನ್ನೂ 25 ಮಿ.ಮೀ.ಗೆ ಕೊಯ್ದುಬಿಟ್ಟರೆ ತಲೆನೋವೇ ಇಲ್ಲವಲ್ಲ ಅನ್ನಬಹುದು. ಇದೆ. 25ರ ಚೌಕದ ಮೂಲೆಗಳು 35 ಮಿ.ಮೀ. ಅಗಲಕ್ಕೆ ಬೀಸುತ್ತವೆ, ಉಳಿ ಹಿಡಿದ ಕೈಗೆ ಒಂದೇ ಸಮನೆ ಏಟು. ಅಷ್ಟು ಮರ ಇಳಿಸುವಾಗ ಎಲ್ಲೋ ಒಂದು ಕಡೆ ಉಳಿ ಕಚ್ಚಿಕೊಂಡರೆ ಅಂಟು ಬಿಡುವುದೋ ಮರ ಸೀಳುವುದೋ ಆಗುತ್ತದೆ. ಇಳಿಸಿದ ಬೀಟೆಯೆಲ್ಲ ಹೊಟ್ಟು. ಅದರ ಧೂಳು ಮೂಗು, ಚರ್ಮ ಎರಡಕ್ಕೂ ಆಗದು. ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ.

ಉದ್ದದ ಲೆಕ್ಕ ಸುಲಭ. ಸ್ಲಿಮ್‌ಲೈನಿನ ಕೊಳವೆಗಳು ಒಂದೊಂದೂ ಸುಮಾರು 53 ಮಿ.ಮೀ. ಅಂಟಿಸಿದ ಮೇಲೆ ಮರದ ತುದಿಯನ್ನು ಕೊಳವೆಯ ತುದಿಗೆ ಸಮನಾಗಿ, ಲಂಬವಾಗಿ ಉಜ್ಜಬೇಕು. ಅದಕ್ಕೆ ಎರಡು ತುದಿಗೂ ಸೇರಿ 3 ಮಿ.ಮೀ. ಬಿಡಿ. ಎರಡು ತುಂಡಿಗೆ 112, ನಡುವೆ ಗರಗಸ ತಿನ್ನುವುದು 2, ಒಟ್ಟು 114. ರೂಢಿಯ ಐದು ಇಂಚಿನ, ಅಂದರೆ 127 ಮಿ.ಮೀ. ಬ್ಲ್ಯಾಂಕಿನಲ್ಲಿ ಇನ್ನೂ 13 ಮಿ.ಮೀ. ಉಳಿಯುತ್ತದೆ. ಅದು ವ್ಯರ್ಥ ಅಲ್ಲ. ಬಿಟ್ ಮರದ ಆಚೆ ಬದಿಯಿಂದ ಹೊರಬರುವ ಗಳಿಗೆಯಲ್ಲೇ ತುಂಡಿನ ಅಂಚು ಕಿತ್ತು ಹೋಗುವುದು, ಗಟ್ಟಿ ಮರದಲ್ಲಂತೂ ಸೀಳೇ ಬರುವುದು. ಒಂದೊಂದು ತುಂಡನ್ನೂ ಐದಾರು ಮಿ.ಮೀ. ಉದ್ದ ಬಿಟ್ಟು, ಬಿಟ್ ಹೊರಬರುವ ಮೊದಲೇ ನಿಲ್ಲಿಸಿ, ಕೊರೆಯದೆ ಉಳಿದ ತುದಿಯನ್ನು ಗರಗಸದಿಂದ ಕತ್ತರಿಸಿ ತೆಗೆದರೆ ತೂತಿನ ಬಾಯಿ ಶುದ್ಧವಾಗಿರುತ್ತದೆ. ಬೀಟೆಗೂ ಅಕ್ರಿಲಿಕ್ ಬ್ಲ್ಯಾಂಕಿಗೂ ನಾನು ಸೂಚಿಸುವುದು ಈ ಕ್ರಮವನ್ನೇ.

127 ಮಿ.ಮೀ. ತುಂಡನ್ನು ಇಡಿಯಾಗಿ ಕೊರೆದು ಆಮೇಲೆ ಎರಡು ಮಾಡುವ ಯೋಚನೆ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ 7 ಮಿ.ಮೀ. ಬಿಟ್ಟಿನಲ್ಲಿ ಸುರುಳಿ ಇರುವ ಭಾಗ ಸುಮಾರು 69 ಮಿ.ಮೀ. ಮಾತ್ರ. ಒಂದು ಕೊಳವೆಗೆ ಸಾಕು, ಎರಡಕ್ಕೆ ಸಾಲದು. ಮೊದಲು ಕತ್ತರಿಸುವ ಜಾಗದಲ್ಲಿ ಎರಡು ಬದಿಗೂ ತಾಗುವ ಹಾಗೆ ಪೆನ್ಸಿಲಿನಿಂದ ಒಂದು ಗುರುತು ಹಾಕಿಕೊಂಡು, ಆಮೇಲೆ ತುಂಡನ್ನು ಎರಡು ಮಾಡಿ. ಆ ಗುರುತಿನ ತುದಿಗಳು ಪೆನ್ನಿನ ನಡುಪಟ್ಟಿಯ ಕಡೆ ಎದುರುಬದುರಾಗಿ ಕೂತರೆ ಬೀಟೆಯ ಕಪ್ಪು ಗೆರೆ ಮೇಲಿನ ಭಾಗದಿಂದ ಕೆಳಗಿನ ಭಾಗಕ್ಕೆ ಹರಿದುಬಂದಂತೆ ಕಾಣುತ್ತದೆ. ಕೊರೆಯಲು ಶುರುಮಾಡುವುದೂ ಆ ಗುರುತಿನ ತುದಿಯಿಂದಲೇ. ಬಿಟ್ ಅಲ್ಲಿ ಇನ್ನೂ ಸರಿದಿರುವುದಿಲ್ಲ, ಗೆರೆಗಳು ಕೂಡುತ್ತವೆ.

ಈಗ ಮಂಚದ ಕಾಲು. ಕಾಲು ಎಷ್ಟು ದಪ್ಪ ಎಂದು ನೀವು ಬರೆದಿಲ್ಲ. ಮೂರು ಇಂಚಿನ ಚೌಕ ಎಂದಿಟ್ಟುಕೊಂಡು, ಅಂದರೆ 75 ಮಿ.ಮೀ. ಆಸುಪಾಸು, ಲೆಕ್ಕ ತೋರಿಸುತ್ತೇನೆ. ಮಿಲ್ಲಿನ ಗರಗಸ ಪ್ರತಿ ಕೊಯ್ತಕ್ಕೆ 3 ಮಿ.ಮೀ. ತಿಂದರೆ, 19ರ ಅಳತೆಯಲ್ಲಿ ಅಡ್ಡಕ್ಕೆ ಮೂರು ತುಂಡು ಬರುತ್ತವೆ: 57 ಮರ, 6 ಹೊಟ್ಟು, ಒಟ್ಟು 63. ನಾಲ್ಕನೆಯದಕ್ಕೆ ಜಾಗವಿಲ್ಲ. 16ರ ಅಳತೆಯಲ್ಲಿ ನಾಲ್ಕು ಬರುತ್ತವೆ: 64 ಮರ, 9 ಹೊಟ್ಟು, ಒಟ್ಟು 73. ಎರಡೂ ದಿಕ್ಕಿಗೆ ಕೊಯ್ದಾಗ ಮೊದಲನೆಯದರಲ್ಲಿ 9 ಕಡ್ಡಿ, ಎರಡನೆಯದರಲ್ಲಿ 16. ಮೂರು ಮಿ.ಮೀ. ವ್ಯತ್ಯಾಸಕ್ಕೆ ಏಳು ಕಡ್ಡಿ! ಒಂದೂವರೆ ಅಡಿ ಉದ್ದದ ಕಾಲಿನಲ್ಲಿ ಒಂದೊಂದು ಕಡ್ಡಿಗೂ ಮೂರು ಪೆನ್ನಿನ ಬ್ಲ್ಯಾಂಕು ಸಿಗುತ್ತವೆ ಅಂದರೆ 27 ಪೆನ್ನೋ 48 ಪೆನ್ನೋ ಎಂಬ ಪ್ರಶ್ನೆ ಇದು. ಡ್ರಿಲ್ಲನ್ನು ಮೊದಲೇ ಪರೀಕ್ಷಿಸಿ ಎಂದು ಅಷ್ಟು ಹೇಳಿದ್ದು ಇದಕ್ಕೇ.

ಹೊರಮೈಯ ಹಳೆಯ ಪಾಲಿಶ್ ಕೀಸಿ ತೆಗೆಯಲು ಹೋಗಬೇಡಿ. ಅಂಚಿನ ಕಡ್ಡಿಗಳಿಗೆ ಒಂದೋ ಎರಡೋ ಬದಿ ಪಾಲಿಶ್ ಅಂಟಿಕೊಂಡಿದ್ದರೂ ಕಡೆಯುವಾಗ ಅದು ತಾನಾಗಿ ಹೋಗುತ್ತದೆ. ಕೀಸಿದರೆ ಆ ಎರಡು ಮಿ.ಮೀ. ಹೋಗಿ ನಾಲ್ಕನೇ ಸಾಲೇ ತಪ್ಪಿಹೋದೀತು. ಆದರೆ ಮೊಳೆ ಇದೆಯೇ ಎಂದು ಮಾತ್ರ ಅಯಸ್ಕಾಂತ ಆಡಿಸಿ ನೋಡಿ, ಮಿಲ್ಲಿನವರ ಬ್ಲೇಡಿಗೂ ನಿಮ್ಮ ಸ್ನೇಹಕ್ಕೂ ಒಳ್ಳೆಯದು. ಪಟ್ಟಿಗಳನ್ನು ಸೇರಿಸಲು ಕಾಲಿನಲ್ಲಿ ಕೊರೆದ ಕೂಡುಬಾಯಿಗಳಿರುವ ಭಾಗ ಬೇರೆ ಇಡಿ, ಅಲ್ಲಿ 125 ಮಿ.ಮೀ. ಸಿಗದಿದ್ದರೂ ಒಂದೇ ಕೊಳವೆಯ ಕಿಟ್ಟಿಗೆ ಬೇಕಾದ 60–65 ಮಿ.ಮೀ. ತುಂಡು ಸಿಗುತ್ತದೆ. ಹೊರಗಿನ ಬಿಳಿಮರ ಕಂಡರೆ ಅದನ್ನೂ ಎಸೆಯಬೇಡಿ. ಚೇಗಿನ ಕಪ್ಪು ನೇರಳೆ ಬಣ್ಣದ ಪಕ್ಕದಲ್ಲಿ ಒಂದು ಬಿಳಿ ಪಟ್ಟೆ ಬಂದ ಪೆನ್ನು ಚೆಂದ ಕಾಣುತ್ತದೆ, ಹುಳು ತಿಂದಿರಬಾರದು ಅಷ್ಟೇ.

ನನ್ನ ಸಲಹೆ ಹೀಗೆ: ಒಂದು ಕಾಲನ್ನು ಮಾತ್ರ ಮೊದಲು ಕೊಯ್ಸಿ. ಅದನ್ನು 19ಕ್ಕೇ ಕೊಯ್ಸಿ. ಅದರಲ್ಲಿ ಕೆಲವು ಪೆನ್ನು ಮಾಡಿ, ನಿಮ್ಮ ಕೈ, ಡ್ರಿಲ್ ಎರಡೂ ಪಳಗಿದ ಮೇಲೆ ಉಳಿದ ಕಾಲುಗಳನ್ನು 16ಕ್ಕೆ ಇಳಿಸಬಹುದೇ ಎಂದು ತೀರ್ಮಾನಿಸಿ. ಒಂದು ಕಾಲನ್ನು ಇಡಿಯಾಗಿ ಎತ್ತಿಟ್ಟರೆ ಇನ್ನೂ ಜಾಣತನ. ದಪ್ಪ ಮರದಿಂದ ಸಪೂರ ಕಡ್ಡಿ ಯಾವಾಗ ಬೇಕಾದರೂ ಬರುತ್ತದೆ, 16ರ ಕಡ್ಡಿಯಿಂದ ಸಿಗಾರ್ ಪೆನ್ನು ಬರುವುದಿಲ್ಲ.

ಹಳೆಯ ಮಂಚದ ಮರ ದಶಕಗಳ ಕಾಲ ಒಣಗಿದ್ದೇ ಆದರೂ ಕೊಯ್ದ ಕೂಡಲೇ ಕೊರೆಯಬೇಡಿ. ನಿಮ್ಮದು ಮಲೆನಾಡು, ಮಳೆಗಾಲದ ಗಾಳಿಯ ತೇವವನ್ನು ಮರ ಕುಡಿದಿರುತ್ತದೆ. ಕಡ್ಡಿಗಳ ನಡುವೆ ಗಾಳಿಯಾಡುವಂತೆ ಜೋಡಿಸಿ ಮನೆಯೊಳಗೆ ಕೆಲವು ವಾರ ಇಡಿ. ಮರ ಒಣಗಿದಾಗ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ, 0.7 ಮಿ.ಮೀ. ಗೋಡೆಗೆ ಸೀಳುವುದು ಬಿಟ್ಟು ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ಕಡೆದ ಪೆನ್ನು ಬೇಸಿಗೆಯಲ್ಲಿ, ಅದರಲ್ಲೂ ಬಯಲುಸೀಮೆಗೆ ಉಡುಗೊರೆಯಾಗಿ ಹೋದಾಗ ಬಿರಿಯುವುದು ಹೀಗೇ. ಬೀಟೆಯಲ್ಲಿ ಎಣ್ಣೆಯಂಶವೂ ಇರುವುದರಿಂದ ಕೊಳವೆ ಅಂಟಿಸುವ ಮೊದಲು ತೂತಿನ ಒಳಗನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ, ಕೊಳವೆಯನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ಅರಾಲ್ಡೈಟಿನಂಥ ನಿಧಾನವಾಗಿ ಗಟ್ಟಿಯಾಗುವ ಅಂಟು ಹಚ್ಚಿ. ಕೊಳವೆ ತೂತಿನೊಳಗೆ ಸಲೀಸಾಗಿ ಜಾರಬೇಕು. ಸುತ್ತಿಗೆಯಿಂದ ತಟ್ಟುವ ಹಾಗಿದ್ದರೆ ತೂತು ಚಿಕ್ಕದಾಗಿದೆ ಎಂದರ್ಥ, ಅಲ್ಲೇ ಸೀಳುತ್ತದೆ.

ಹಸಿ ಮರದಿಂದ ಬ್ಲ್ಯಾಂಕು ಮಾಡುವುದಾದರೆ ಕುಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹೆಚ್ಚು; ಅದರಲ್ಲೂ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು ನಡುವಿನಿಂದ ಹೊರಗಿನ ದಿಕ್ಕಿಗೆ ಕುಗ್ಗುವುದರ ಎರಡರಷ್ಟರ ಹತ್ತಿರ ಬರುತ್ತದೆ. ಹಾಗಾಗಿ ಹಸಿ ಚೌಕ ಒಣಗಿದಾಗ ಚೌಕವಾಗಿ ಉಳಿಯುವುದಿಲ್ಲ. ಒಣಗಿ 19 ಉಳಿಯಬೇಕಾದರೆ 22ಕ್ಕೆ ಕೊಯ್ದು, ತುದಿಗಳಿಗೆ ಮೇಣ ಹಚ್ಚಿ ಇಡಿ. ನಿಮ್ಮ ಕಡೆ ಕಾಫಿ ಗಿಡ ಕಸಿ ಮಾಡಿದಾಗ ಬಿದ್ದ ಕೊಂಬೆ ಸಿಗುತ್ತದಲ್ಲ, ಅದರ ಬಿಳಿ ನಯವಾದ ಮರವೂ ಪೆನ್ನಿಗೆ ಒಗ್ಗುತ್ತದೆ. ದುಂಡು ಕೊಂಬೆಯಾದರೆ ತೊಗಟೆ ಬಿಟ್ಟು 22–25 ಮಿ.ಮೀ. ಇರಲಿ, ನಡುವಿನ ಮೆದು ತಿರುಳು ಹೇಗೂ ಬಿಟ್ಟಿಗೆ ಸಿಕ್ಕಿ ಹೋಗುತ್ತದೆ.

ಕೊಳವೆಯೇ ಇಲ್ಲದ ಪೆನ್ನುಗಳ ಲೆಕ್ಕವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಆಂಧ್ರದ ರಾಜಮಂಡ್ರಿಯಲ್ಲಿ 1930ರ ದಶಕದಿಂದ ರತ್ನಂ ಹೆಸರಿನ ಎಬೊನೈಟ್ ಶಾಯಿ ಪೆನ್ನುಗಳನ್ನು ಕೈಯಿಂದ ಕಡೆಯುತ್ತ ಬಂದಿದ್ದಾರೆ. ಎಬೊನೈಟ್ ಎಂದರೆ ಗಂಧಕ ಹೆಚ್ಚು ಬೆರೆಸಿ ಗಟ್ಟಿ ಮಾಡಿದ ರಬ್ಬರು. ಅದು ದುಂಡು ಸರಳಾಗಿಯೇ ಸಿಗುತ್ತದೆ, ಮರದ ಹಾಗೆ ಎಳೆಯಿಲ್ಲ, ಮೂಲೆಯಿಲ್ಲ. ಬಿಟ್ ಸರಿಯುವುದೂ ಬಹಳ ಕಡಿಮೆ. ಅಲ್ಲಿ ಅಳತೆಯನ್ನು ನಿರ್ಧರಿಸುವುದು ಕ್ಯಾಪು. 13 ಮಿ.ಮೀ. ಮರೆಯಿರುವ ಒಡಲಿನ ಮೇಲೆ ಕೂರುವ ಕ್ಯಾಪಿಗೆ ಎರಡೂ ಬದಿ ಒಂದೂವರೆ ಮಿ.ಮೀ. ಗೋಡೆ ಎಂದರೆ 16, ಅದಕ್ಕೆ 18ರ ಸರಳು ಸಾಕು. ಸರಿಯುವುದು ಕಡಿಮೆಯಾದಷ್ಟೂ ಬಿಡಬೇಕಾದ ಜಾಗವೂ ಕಡಿಮೆ.

ಬೀಟೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮನೆಯ ಹಳೆಯ ಮಂಚವಾದ್ದರಿಂದ ನಿಮಗೆ ತೊಡಕು ಬರಲಿಕ್ಕಿಲ್ಲ. ಕೊಯ್ಸುವ ಮೊದಲು ಮಂಚದ ಒಂದೆರಡು ಫೋಟೊ ತೆಗೆದಿಟ್ಟುಕೊಂಡರೆ ಯಾರಾದರೂ ಕೇಳಿದಾಗ ತೋರಿಸಲು ಆಗುತ್ತದೆ. ಹೊಸದಾಗಿ ಬೀಟೆಯನ್ನೋ ಗಂಧವನ್ನೋ ಕೊಳ್ಳುವುದಾದರೆ ಬಿಲ್ಲಿಲ್ಲದೆ ಒಂದು ಕಡ್ಡಿಯನ್ನೂ ಕೊಳ್ಳಬೇಡಿ. ಬೀಟೆಯ ಇಡೀ ಕುಲ 2017ರ ಜನವರಿಯಿಂದ ‘ಸೈಟ್ಸ್’ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ವಿದೇಶದಲ್ಲಿರುವ ನೆಂಟರು ಕೊಯ್ದ ಕಡ್ಡಿಗಳನ್ನು ಕಳಿಸಿ ಎಂದರೆ ನಿಯಮ ವಿಚಾರಿಸದೆ ಪಾರ್ಸೆಲ್ ಮಾಡಬೇಡಿ.

ಉಳಿದದ್ದು ಮಿಲ್ಲಿನವರ 12. ಅವರು ಪೂರ್ತಿ ತಪ್ಪು ಹೇಳಿದ್ದಲ್ಲ. ಹೊಟ್ಟೆ ಬಿಡದೆ, ತುದಿಯಿಂದ ತುದಿಗೆ 8.5 ಮಿ.ಮೀ.ಗೆ ನೇರ ಕಡೆದ ಸ್ಲಿಮ್‌ಲೈನ್ ಆದರೆ, ಬಿಟ್ ಒಂದೂವರೆ ಮಿ.ಮೀ. ಸರಿದರೂ 12ರೊಳಗೆ ಪೆನ್ನು ಬರುತ್ತದೆ: 8.5 + 3 = 11.5. ಲೇತಿನಲ್ಲೇ ಕೊರೆಯುವವರು ಇದನ್ನು ಸಾಧಿಸಬಲ್ಲರು. ಒಂದೊಮ್ಮೆ ಅವರ ಮಾತು ಕೇಳಿ ಒಂದೆರಡು ಕಡ್ಡಿ ಆಗಲೇ ಕೊಯ್ಸಿದ್ದರೆ ಅವನ್ನು ಎತ್ತಿಡಿ. ಚಕ್ ಬಂದ ಮೇಲೆ, ನಿಮ್ಮ ಪರೀಕ್ಷೆಯ ತುಂಡುಗಳಲ್ಲಿ ಅತಿ ಕೆಟ್ಟದ್ದೂ ಒಂದೂವರೆಯೊಳಗೆ ಬಂದ ದಿನ ಅವನ್ನು ಲೇತಿಗೆ ಏರಿಸಬಹುದು.